ಕಪಾಟಿಗೆ ಗೊತ್ತಿತ್ತು

ಬಾಯಿಹುಣ್ಣು ಯಾರಿಗೆ ಬರುವುದಿಲ್ಲ ಹೇಳಿ? ಸೆಕೆಗೆ ಬರುತ್ತದೆ, ನಿದ್ದೆಗೆಟ್ಟರೆ ಬರುತ್ತದೆ, ಹೊಟ್ಟೆ ಸರಿಯಿಲ್ಲದಿದ್ದರೆ ಬರುತ್ತದೆ. ನಾಲ್ಕು ದಿನ ಕಾಡಿ ತಾನಾಗಿಯೇ ಹೋಗುತ್ತದೆ. ಅಷ್ಟಕ್ಕೆಲ್ಲ ಡಾಕ್ಟರರ ಹತ್ತಿರ ಓಡುವವರು ಯಾರು? ಮಂಗಳೂರಿನ ಕೊಟ್ಟಾರದ ಆನಿಬಾಯಿಯ ಎಡಗೆನ್ನೆಯ ಒಳಗೆ ಒಂದು ಹುಣ್ಣು ಎದ್ದಾಗ ಅವರೂ ಓಡಲಿಲ್ಲ. ಜೇನು ಹಚ್ಚಿದರು, ತೆಂಗಿನ ಹಾಲಿನಲ್ಲಿ ಬಾಯಿ ಮುಕ್ಕಳಿಸಿದರು, ಆಮೇಲೆ ಅದರ ಸುದ್ದಿ ಬಿಟ್ಟರು. ಹುಣ್ಣು ಮಾತ್ರ ಅವರನ್ನು ಬಿಡಲಿಲ್ಲ.

ಇದು 1963ನೆಯ ಇಸವಿಯ ಮಾತು. ಆನಿಬಾಯಿಯ ಗಂಡ ಕಜೆಟನ್, ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ದಾಖಲೆ ಬರೆಯುವ ಗುಮಾಸ್ತರು. ಡಾಕ್ಟರರಿಂದ ಹಿಡಿದು ಕಸ ಗುಡಿಸುವ ಶೀನಪ್ಪನವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಕೊಂಕಣಿಯ ಗೌರವದ ಮಾತು ಸೇರಿಸಿ ಕಜೆಟನ್ ಬಾಬ್ ಎಂದು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಹಾಗಾಗಿ ಒಬ್ಬರನ್ನೊಬ್ಬರು ಬಯ್ಯುವುದಕ್ಕೂ ನೋಡಿಕೊಳ್ಳುವುದಕ್ಕೂ ಬೇಕಾದಷ್ಟು ಪುರುಸೊತ್ತು ಇತ್ತು.

ಅಕ್ಟೋಬರದ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಊಟಕ್ಕೆ ಕೂತ ಬಾಬ್ ಮೊದಲ ತುತ್ತಿಗೇ ಮುಖ ಸಿಂಡರಿಸಿದರು.

"ಇದೆಂತ ಸಾರು ಆನಿ? ಮೆಣಸು ಹಾಕ್ಲಿಕ್ಕೆ ಮರ್ತು ಹೋಯ್ತಾ?"

"ಮರ್ತದ್ದಲ್ಲ. ಸೆಕೆ ಅಲ್ವಾ? ಖಾರ ಸ್ವಲ್ಪ ಕಡಿಮೆ ಮಾಡಿದ್ದೇನೆ."

"ಸೆಕೆಗೂ ಬಂಗುಡೆ ಸಾರಿಗೂ ಎಂತ ಸಂಬಂಧ ಮಾರಾಯ್ತಿ? ಇದು ಕಾಯಿಲೆಯವರ ಊಟ ಆಯ್ತು."

ಆನಿಬಾಯಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಊಟ ಮುಗಿದ ಮೇಲೆ ಎಂದಿನಂತೆ ಎಲೆ ಅಡಿಕೆಯ ಡಬ್ಬಿ ತೆಗೆದರು. ಎಲೆಗೆ ಸುಣ್ಣ ಸವರಿ, ಅಡಿಕೆ ಹಾಕಿ, ಒಂದು ಚೂರು ಹೊಗೆಸೊಪ್ಪು ಸೇರಿಸಿ ಕೆನ್ನೆಯಲ್ಲಿ ಒತ್ತಿಕೊಂಡರು. ಈಚೆಗೆ ಎಡಕ್ಕೆ ಬದಲು ಬಲಕ್ಕೆ. ಅವರ ಅಮ್ಮನೂ ಹೀಗೆಯೇ, ಅಜ್ಜಿಯೂ ಹೀಗೆಯೇ. ಮಲಗುವಾಗ ಕೂಡ ಕೆನ್ನೆಯಲ್ಲಿ ಅದು ಇರಬೇಕು. ಹಲ್ಲುನೋವು ಬರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದರಂತೆ. ಎಡ ಬಲವಾದದ್ದು ಬಾಬ್ ಗಮನಕ್ಕೆ ಬರಲಿಲ್ಲ. ಅವರು ಪೇಪರು ಮುಖಕ್ಕೆ ಹಿಡಿದು ಆರಾಮಕುರ್ಚಿಯಲ್ಲಿ ಕಾಲು ಚಾಚಿದ್ದರು.

ಇನ್ನು ಬಾಬ್ ಅವರ ಕೆಲಸದ ವಿಷಯ ಹೇಳಬೇಕು. ಕ್ಯಾನ್ಸರಿನ ರೋಗಿ ಯಾರೇ ಬಂದರೂ ಅವರ ಹೆಸರಲ್ಲಿ ಬಾಬ್ ಒಂದು ಕಾರ್ಡು ಬರೆಯಬೇಕು. ವಯಸ್ಸೆಷ್ಟು, ಊರು ಯಾವುದು, ಅಭ್ಯಾಸಗಳು ಏನು, ಮೊದಲು ಕಂಡ ಲಕ್ಷಣ ಏನು, ಕೊನೆಗೆ ಏನಾಯಿತು. ವರ್ಷ ಮುಗಿದ ಮೇಲೆ ಈ ಕಾರ್ಡುಗಳಿಂದ ಒಂದು ಪಟ್ಟಿ ಮಾಡಿ ದಿಲ್ಲಿಯ ಒಂದು ಕಚೇರಿಗೆ ಕಳಿಸಬೇಕು. ಹೀಗೆ ಊರೂರಿನಿಂದ ಬಂದದ್ದನ್ನು ಸೇರಿಸಿ ಅವರು ಇಡೀ ದೇಶದ ಅಂಕಿಅಂಶದ ಪುಸ್ತಕ ಅಚ್ಚು ಹಾಕಿಸುತ್ತಾರೆ. ಯಾವ ಊರಲ್ಲಿ ಯಾವ ಕ್ಯಾನ್ಸರ್ ಹೆಚ್ಚು, ಯಾವ ವಯಸ್ಸಿನವರಿಗೆ, ಏನು ತಿನ್ನುವವರಿಗೆ ಎಂಬುದೆಲ್ಲ ಅದರಲ್ಲಿ ಇರುತ್ತದೆ.

1957ರ ಪಟ್ಟಿಯನ್ನು ಬಾಬ್ ಚುರುಕಾಗಿಯೇ ಕಳಿಸಿದ್ದರು. ನಾಲ್ಕು ಕಾರ್ಡುಗಳಲ್ಲಿ 'ಕೊನೆ' ಎಂಬ ಜಾಗ ಖಾಲಿ ಇತ್ತು. ರೋಗಿಗಳು ಊರಿಗೆ ಹೋದವರು, ಬದುಕಿದ್ದಾರೋ ಇಲ್ಲವೋ ತಿಳಿಯದು. ಆ ಪಟ್ಟಿ ಕೆಂಪು ಶಾಯಿಯಲ್ಲಿ 'ಅಪೂರ್ಣ' ಎಂದು ಬರೆಸಿಕೊಂಡು ಹಿಂದಕ್ಕೆ ಬಂತು. ಆಗಿನ ದೊಡ್ಡ ಡಾಕ್ಟರು ಅದನ್ನು ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿದರು. ಹದಿನೈದು ವರ್ಷದ ಸರ್ವಿಸಿನಲ್ಲಿ ಒಂದು ಅಕ್ಷರ ತಪ್ಪದ ಮನುಷ್ಯನಿಗೆ ನಿಂತ ನೆಲ ಕುಸಿದ ಹಾಗಾಯಿತು. ನಾಲ್ಕು ಮನೆ ಹುಡುಕಿ, ನಾಲ್ಕು ಜಾಗ ತುಂಬಿಸಿ, ಪಟ್ಟಿಯನ್ನು ಮತ್ತೆ ಕಳಿಸಿದರು. ಅಂದೇ ಒಂದು ಶಪಥವನ್ನೂ ಮಾಡಿದರು: ಇನ್ನು ಒಂದೇ ಒಂದು ಜಾಗ ಖಾಲಿ ಇದ್ದರೂ ಪಟ್ಟಿ ತನ್ನ ಮೇಜು ದಾಟುವುದಿಲ್ಲ.

ಶಪಥ ಎಂದರೆ ಶಪಥ. 1958ರ ಮೂರು ಕಾರ್ಡುಗಳ ಕೊನೆ ಸಿಗಲಿಲ್ಲ, 1958 ನಿಂತಿತು. 1958 ಹೋಗದೆ 1959 ಹೋಗುವ ಹಾಗಿಲ್ಲ, ಅದೂ ನಿಂತಿತು. ಅರುವತ್ತು, ಅರುವತ್ತೊಂದು, ಅರುವತ್ತೆರಡು, ಎಲ್ಲವೂ ಕೆಂಪು ದಾರದ ಕಟ್ಟು ಕಟ್ಟಿಸಿಕೊಂಡು ಮರದ ಕಪಾಟು ಸೇರಿದವು. ಬಾಬ್ ವಾರಕ್ಕೆ ಎರಡು ಪೋಸ್ಟ್ ಕಾರ್ಡು ಹಾಕಿ ರೋಗಿಗಳ ಮನೆಯವರನ್ನು ವಿಚಾರಿಸುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಕಪಾಟಿನ ಬೀಗದ ಕೈ ಅವರ ಸೊಂಟದಲ್ಲಿ ಇರುತ್ತಿತ್ತು.

ಆ ಭಾನುವಾರದ ಮರುದಿನ ನರ್ಸ್ ಮಟಿಲ್ಡಾ ಒಂದು ಕಾಗದ ಹಿಡಿದುಕೊಂಡು ಬಾಬ್ ಅವರ ಮೇಜಿನ ಹತ್ತಿರ ಬಂದರು. ಅವರದು ಬಾಯಿ ಗಂಟಲಿನ ರೋಗಿಗಳ ವಾರ್ಡು. ಬರುವವರೆಲ್ಲ ಕಾಯಿಲೆ ಬಲಿತ ಮೇಲೆಯೇ ಬರುತ್ತಾರೆ ಎಂದು ನೋಡಿ ನೋಡಿ ಸಾಕಾಗಿ, ಅವರೇ ಡಾಕ್ಟರರ ಸಹಿ ಹಾಕಿಸಿ ದಿಲ್ಲಿಗೆ ಬರೆದಿದ್ದರು. ಊರೂರು ತಿರುಗಿ ಜನರ ಬಾಯಿ ಪರೀಕ್ಷೆ ಮಾಡುವ ಒಂದು ವ್ಯಾನ್ ಇದೆಯಂತೆ, ಅದನ್ನು ಮಂಗಳೂರಿಗೂ ಕಳಿಸಿ ಎಂದು. ಅದಕ್ಕೆ ಬಂದ ಉತ್ತರ ಅದು.

"ಬಾಬ್, ಇದನ್ನು ಸ್ವಲ್ಪ ಓದಿ."

ಬಾಬ್ ಕನ್ನಡಕ ಏರಿಸಿ ಓದಿದರು. ನಿಮ್ಮ ಊರಿನಿಂದ 1957ರ ನಂತರ ಅಂಕಿ ಬಂದಿಲ್ಲ. ಕಾಯಿಲೆ ಎಲ್ಲಿ ಹೆಚ್ಚು ಎಂದು ತಿಳಿಯದೆ ವ್ಯಾನನ್ನು ಎಲ್ಲಿಗೆ ಕಳಿಸುವುದು? ಈ ಕೆಳಗಿನ ಹದಿನಾಲ್ಕು ಊರುಗಳ ಪಟ್ಟಿಯೂ ನಿಮ್ಮದರ ಹಾಗೆಯೇ ಬಾಕಿ ಇದೆ. ಆದ್ದರಿಂದ 1958ರ ದೇಶದ ಪುಸ್ತಕವೇ ಇನ್ನೂ ಅಚ್ಚಾಗಿಲ್ಲ. ಸದ್ಯಕ್ಕೆ ವ್ಯಾನ್ ಕಳಿಸಲು ಸಾಧ್ಯವಿಲ್ಲ.

"ಎಂತ ಮಾಡುವುದು ಮಟಿಲ್ಡಾ? ಮೂರು ಕಾರ್ಡು ಬಾಕಿ ಉಂಟಲ್ಲ."

"ಮೂರು ಕಾರ್ಡಿಗೆ ಐದು ವರ್ಷವಾ ಬಾಬ್?"

"ಅರ್ಧ ಲೆಕ್ಕ ಕೊಟ್ರೆ ಸುಳ್ಳು ಹೇಳಿದ ಹಾಗೆ. ಒಂದು ಕ್ರಮ ಅಂತ ಬೇಡ್ವಾ?"

"ಕ್ರಮ ಬೇಕು. ಆದ್ರೆ ಕಾಯಿಲೆ ನಿಮ್ಮ ಕ್ರಮಕ್ಕೆ ಕಾಯ್ತದಾ?" ಮಟಿಲ್ಡಾ ಕುರ್ಚಿ ಎಳೆದುಕೊಂಡು ಕೂತರು. "ನೋಡಿ, ಅಂಕಿ ಹೋದ್ರೆ ವ್ಯಾನ್ ಬರ್ತದೆ. ಇಷ್ಟು ಜನಕ್ಕೆ ಉಂಟು ಅಂತ ಗೊತ್ತಾದ್ರೆ ಮದ್ದು ಬರ್ತದೆ, ಮೆಶಿನ್ ಬರ್ತದೆ. ಹೀಗೆ ಶುರು ಆಗ್ತದೆ, ಜಾಗ್ರತೆ ಅಂತ ಕರಪತ್ರ ಹಂಚ್ಲಿಕ್ಕೆ ಆಗ್ತದೆ. ಐದು ವರ್ಷ ಕಳೆದ ಮೇಲೆ ಹೋದ ಅಂಕಿಯಿಂದ ಎಂತ ಪ್ರಯೋಜನ? ಅದರಲ್ಲಿ ಇದ್ದವರೆಲ್ಲ ಸಿಮಿತ್ರಿಯ ಮಣ್ಣು ಸೇರಿದ ಮೇಲೆ?"

"ಮತ್ತೆ ಅಪೂರ್ಣ ಅಂತ ವಾಪಸ್ ಬಂದ್ರೆ ಮರ್ಯಾದೆ ಯಾರದು ಹೋಗುವುದು? ನಿನ್ನದಾ?"

ಮಟಿಲ್ಡಾ ಎದ್ದು ಹೋದರು. ಬಾಬ್ ಅವರಿಗೆ ಸಿಟ್ಟು ಬಂದಿತ್ತು. ಒಳಗೊಳಗೇ ಸ್ವಲ್ಪ ನಾಚಿಕೆಯೂ ಆಗಿತ್ತು. ಆಗಲಿ, ಈ ಮೂರು ಕಾರ್ಡನ್ನು ಕೈಯಾರೆ ಮುಗಿಸಿಯೇ ಬಿಡುತ್ತೇನೆ ಎಂದುಕೊಂಡರು. ಒಬ್ಬ ರೋಗಿಯ ಮನೆಯವರು ಮುಂಬಯಿಗೆ ಹೋದವರು, ವಿಳಾಸವೇ ಇಲ್ಲ. ಇನ್ನೊಬ್ಬರ ಮನೆ ಇದ್ದ ಜಾಗದಲ್ಲಿ ಈಗ ಹಂಚಿನ ಕಾರ್ಖಾನೆಯವರ ಮಣ್ಣಿನ ರಾಶಿ. ಮೂರನೆಯವರ ವಿಳಾಸ ಮಾತ್ರ ಸ್ಪಷ್ಟವಾಗಿತ್ತು: ಆಸ್ಯಮ್ಮ, ಬಂದರು, ಮೊಯ್ದೀನಬ್ಬನವರ ಹೆಂಡತಿ. ಬಾಬ್ 1958ರ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು, ಅರ್ಧ ದಿನ ರಜೆ ಬರೆದು ಬಂದರಿಗೆ ಹೊರಟರು.

ಮೊಯ್ದೀನಬ್ಬನವರದು ಮಂಜಿಗಳಿಗೆ, ಅಂದರೆ ಪಟ ಕಟ್ಟಿ ಸಾಮಾನು ಸಾಗಿಸುವ ದೊಡ್ಡ ಹಡಗುಗಳಿಗೆ, ಹಗ್ಗ ಟಾರು ಮಾರುವ ಅಂಗಡಿ. ಆ ಕಡೆ ಕ್ರೈಸ್ತರನ್ನು ಪೊರ್ಬುಗಳೇ ಎಂದೂ ಮುಸ್ಲಿಂ ವ್ಯಾಪಾರಿಗಳನ್ನು ಬ್ಯಾರಿಗಳೇ ಎಂದೂ ಕರೆಯುವುದು ರೂಢಿ.

"ಬನ್ನಿ ಪೊರ್ಬುಗಳೇ, ಎಂತ ಬೇಕಿತ್ತು?"

"ಸಾಮಾನು ಬೇಡ ಬ್ಯಾರಿಗಳೇ. ನಾನು ಆಸ್ಪತ್ರೆಯಿಂದ ಬಂದದ್ದು. ಆಸ್ಯಮ್ಮನವರ ವಿಷಯ."

ಮೊಯ್ದೀನಬ್ಬನವರ ಮುಖ ಕಪ್ಪಿಟ್ಟಿತು. ಅಂಗಡಿಯ ಎದುರಿದ್ದ ಗಿರಾಕಿಗಳನ್ನು ಒಮ್ಮೆ ನೋಡಿ, ಬಾಬ್ ಅವರನ್ನು ಹಗ್ಗದ ಸಿಂಬೆಗಳ ಹಿಂದೆ ಕರೆದುಕೊಂಡು ಹೋದರು.

"ನಿಮ್ಮ ಪೋಸ್ಟ್ ಕಾರ್ಡ್ ಎಲ್ಲ ಬಂದಿತ್ತು. ನಾನೇ ಹರಿದು ಹಾಕಿದ್ದು. ಅವಳು ಹೋಗಿ ನಾಲ್ಕು ವರ್ಷ ಆಯ್ತು."

"ಯಾವ ಕಾಯಿಲೆಯಿಂದ ಅಂತ ಬರೀಬೇಕು."

"ಜ್ವರ ಅಂತ ಬರೀರಿ."

"ಜ್ವರ ಅಲ್ವಲ್ಲ ಬ್ಯಾರಿಗಳೇ."

"ಅಲ್ಲ. ನಿಮಗೂ ಗೊತ್ತುಂಟು, ನಂಗೂ ಗೊತ್ತುಂಟು. ಆದ್ರೆ ಮನೆಯಲ್ಲಿ ಮೂರು ಹೆಣ್ಣುಮಕ್ಕಳು. ದೊಡ್ಡವಳು ಸುಹರಾ, ಅವಳದ್ದು ಮಾತುಕತೆ ನಡೀತಾ ಉಂಟು. ಆ ಕಾಯಿಲೆಯ ಮನೆ ಅಂತ ಒಂದು ಮಾತು ಹೊರಗೆ ಬಿದ್ರೆ ಯಾರು ಬರ್ತಾರೆ? ಅದು ಅಂಟ್ತದೆ ಅಂತ ಜನ ಹೇಳ್ತಾರೆ."

"ಅಂಟುವುದಿಲ್ಲ! ನಾನು ಇಪ್ಪತ್ತು ವರ್ಷದಿಂದ ಆಸ್ಪತ್ರೆಯಲ್ಲಿದ್ದೇನೆ, ನಂಗೆ ಗೊತ್ತಿಲ್ವಾ?"

"ನಿಮಗೆ ಗೊತ್ತುಂಟು. ಊರಿಗೆ ಗೊತ್ತುಂಟಾ?"

ಬಾಬ್ ಚೀಲದಿಂದ ಪಟ್ಟಿಯನ್ನು ತೆಗೆದು ತೋರಿಸಿದರು. "ನೋಡಿ, ಹೆಸರು ನಮ್ಮ ಕಾರ್ಡಿನಲ್ಲೇ ಉಳೀತದೆ. ದಿಲ್ಲಿಗೆ ಹೋಗುವ ಈ ಪಟ್ಟಿಯಲ್ಲಿ ಹೆಸರೂ ಇಲ್ಲ, ಜಾತಿಯೂ ಇಲ್ಲ, ಮನೆಯೂ ಇಲ್ಲ. ಬರೀ ನಂಬ್ರ. ಆಸ್ಯಮ್ಮ ಹದಿನೇಳನೇ ನಂಬ್ರ, ಅಷ್ಟೆ. ಪುಸ್ತಕ ಓದಿದವರಿಗೆ ಯಾರು ಅಂತ ದೇವರಾಣೆ ಗೊತ್ತಾಗುವುದಿಲ್ಲ."

ಮೊಯ್ದೀನಬ್ಬ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಂಚು ಹಳದಿಗಟ್ಟಿತ್ತು.

"ಇದು ಯಾವ ವರ್ಷದ್ದು?"

"ಐವತ್ತೆಂಟರದ್ದು."

"ಐವತ್ತೆಂಟರದ್ದು ಈಗಲೂ ನಿಮ್ಮ ಚೀಲದಲ್ಲಿ ಎಂತಕ್ಕೆ ಉಂಟು?"

ಬಾಬ್ ತಮ್ಮ ಕ್ರಮವನ್ನು ವಿವರಿಸಿದರು. ಖಾಲಿ ಜಾಗ, ಕೆಂಪು ಶಾಯಿ, ಶಪಥ ಎಲ್ಲ ಹೇಳಿದರು. ಮೊಯ್ದೀನಬ್ಬ ಕೇಳುತ್ತ ಕೇಳುತ್ತ ಹೊರಗೆ ಬಂದರಿನ ಕಡೆ ಕೈ ತೋರಿಸಿದರು. ಅಲ್ಲಿ ಬಿರುಗಾಳಿಯ ಮುನ್ಸೂಚನೆಯ ಗುರುತು ಏರಿಸುವ ಎತ್ತರದ ಕಂಬ ಕಾಣುತ್ತಿತ್ತು.

"ಅದರ ಮೇಲೆ ಗುರುತು ಏರುವುದು ಯಾವಾಗ ಪೊರ್ಬುಗಳೇ? ಗಾಳಿ ಬಂದು, ಮಂಜಿ ಎಲ್ಲ ಮುಳುಗಿ, ಸತ್ತವರನ್ನು ಸರಿಯಾಗಿ ಎಣಿಸಿದ ಮೇಲೆಯಾ?"

"ಅದು ಹೇಗೆ? ಮೊದಲೇ ಏರಿಸ್ತಾರಲ್ಲ."

"ಹಾಂ. ಪೂರ್ತಿ ಗೊತ್ತಿರುವುದಿಲ್ಲ, ಆದ್ರೂ ಏರಿಸ್ತಾರೆ. ಮೂರು ಸಲ ಏರಿಸಿದ್ರೆ ಎರಡು ಸಲ ಗಾಳಿ ಬರುವುದಿಲ್ಲ. ಯಾರಾದ್ರೂ ಬಯ್ತಾರಾ? ನನ್ನ ತಮ್ಮ ಕಾಸಿಂ ಆ ಗುರುತು ನೋಡಿಯೇ ಎರಡು ಸಲ ಜೀವ ಉಳಿಸ್ಕೊಂಡವನು. ನೀವು ಗುರುತನ್ನು ಮಡಚಿ ಕಪಾಟಿನಲ್ಲಿ ಇಟ್ಟಿದ್ದೀರಿ ಮಾರಾಯ್ರೆ. ನಾನು ಹೆದರಿ ಬಾಯಿ ಮುಚ್ಚಿದೆ, ನೀವು ಮರ್ಯಾದೆಗೆ ಹೆದರಿ ಬೀಗ ಹಾಕಿದ್ರಿ. ಇಬ್ಬರೂ ಒಂದೇ."

ಮೊಯ್ದೀನಬ್ಬ ಪಟ್ಟಿಯನ್ನು ಬಾಬ್ ಅವರ ಕೈಗೆ ವಾಪಸ್ ಕೊಟ್ಟರು. ಆಮೇಲೆ ಹೇಳಿದರು, "ಬರ್ಕೊಳ್ಳಿ. ಕ್ಯಾನ್ಸರ್ ಅಂತಲೇ ಬರೀರಿ. ಮೊದಲು ಎಂತ ಕಂಡದ್ದು ಅಂತ ನಿಮ್ಮ ಕಾರ್ಡಿನಲ್ಲಿ ಸರಿಯಾಗಿ ಉಂಟಾ ಇಲ್ವಾ ಗೊತ್ತಿಲ್ಲ, ಅದನ್ನೂ ಹೇಳ್ತೇನೆ. ಅವಳು ಮೊದಲು ಖಾರ ಬಿಟ್ಟಳು. ಮೀನು ಸಾರಿಗೆ ಮೆಣಸು ಕಡಿಮೆ ಮಾಡಿದಳು. ಕೇಳಿದ್ರೆ ಸೆಕೆ ಅಂತ ಹೇಳಿದಳು. ಇದೆಂತ ಸಾರು ಅಂತ ನಾನು ಬಯ್ದೆ. ಆರು ತಿಂಗಳು ಬಯ್ತಾ ಬಯ್ತಾ ತಿಂದೆ ಪೊರ್ಬುಗಳೇ, ಆದ್ರೆ ಒಂದು ದಿನ ಅವಳ ಬಾಯಿ ನೋಡ್ಲಿಲ್ಲ."

ಬಾಬ್ ಅವರ ಪೆನ್ನು ನಿಂತಿತು. ನಿನ್ನೆಯ ಬಂಗುಡೆ ಸಾರು ಕಣ್ಣೆದುರು ಬಂತು. ನಿನ್ನೆಯದು ಮಾತ್ರವಲ್ಲ, ಮೊನ್ನೆಯದು, ಹೋದ ತಿಂಗಳಿನದು, ಮಳೆಗಾಲದ ಒಣಮೀನು ಚಟ್ನಿ ಕೂಡ. ಆನಿ ಚಟ್ನಿ ಮುಟ್ಟದೆ ಬರೀ ಗಂಜಿ ಕುಡಿಯುತ್ತಿದ್ದಳಲ್ಲ. ಅವರು ಚೀಲವನ್ನು ಅಲ್ಲೇ ಬಿಟ್ಟು ಎದ್ದರು. ಮೊಯ್ದೀನಬ್ಬ ಅದನ್ನು ಎತ್ತಿ ಅವರ ಕೈಗೆ ಕೊಟ್ಟು, "ಎಂತಾಯ್ತು?" ಎಂದು ಕೇಳಿದರು. ಬಾಬ್ ಚೀಲ ಹಿಡಿದು ಅಂಗಡಿ ಇಳಿದರು.

ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ನಡೆದರು. ಮಣ್ಣಗುಡ್ಡದ ಏರಿನಲ್ಲಿ ಏದುಸಿರು ಬಂದು ಒಂದು ಕಟ್ಟೆಯ ಮೇಲೆ ಕೂತರು. ಎಷ್ಟು ಕಾರ್ಡಿನಲ್ಲಿ ತಾನೇ ಬರೆದಿದ್ದೆ ಎಂದು ನೆನಪು ಮಾಡಿಕೊಂಡರು. 'ಮೊದಲು ಕಂಡ ಲಕ್ಷಣ: ಖಾರ ತಿನ್ನಲಾಗುವುದಿಲ್ಲ.' ಮುದ್ದಾದ ಅಕ್ಷರದಲ್ಲಿ, ಮತ್ತೆ ಮತ್ತೆ, ಅದೇ ಸಾಲು. ಬರೆಯುವಾಗ ಕಣ್ಣು ಇರುತ್ತಿದ್ದದ್ದು ಕೊನೆಯ ಜಾಗದ ಮೇಲೆ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಅವರ ಹೆಂಡತಿ ಕೂತಿದ್ದಳು.

ಮನೆ ತಲುಪುವಾಗ ನಾಲ್ಕು ಗಂಟೆ. ಆನಿಬಾಯಿ ಒಗೆದ ಬಟ್ಟೆ ಮಡಚುತ್ತಿದ್ದರು.

"ಬಾ ಇಲ್ಲಿ, ಕಿಟಕಿ ಹತ್ತಿರ. ಬಾಯಿ ತೆರೆ."

"ನಿಮಗೆಂತ ಹುಚ್ಚಾ? ಬಂದ ಕೂಡ್ಲೇ?"

"ತೆರೆ ಆನಿ."

ಪಡುವಣ ಬಿಸಿಲು ಕಿಟಕಿಯಿಂದ ನೇರ ಬರುತ್ತಿತ್ತು. ಆನಿಬಾಯಿಗೆ ಬಾಯಿ ಪೂರ್ತಿ ತೆರೆಯಲು ಆಗಲಿಲ್ಲ. ಎರಡು ಬೆರಳಿನಷ್ಟು ತೆರೆದರು. ಅಷ್ಟು ಸಾಕಾಯಿತು. ಕೆನ್ನೆಯ ಒಳಗೆ ಗೇರುಬೀಜದಷ್ಟು ಅಗಲದ ಹುಣ್ಣು, ಸುತ್ತ ಗಟ್ಟಿಯಾದ ಅಂಚು. ದವಡೆಯ ಕೆಳಗೆ ಬೆರಳಿಟ್ಟರೆ ಒಂದು ಗಂಟು.

"ಯಾವಾಗಿನಿಂದ?"

"ಈಸ್ಟರಿನ ಹೊತ್ತಿಗೆ ಶುರು ಆದದ್ದು."

"ಆರು ತಿಂಗಳು! ನಂಗೆ ಹೇಳ್ಬಾರ್ದಿತ್ತಾ?"

"ನೋವಿರ್ಲಿಲ್ಲ. ನೋವಿಲ್ಲದ್ದನ್ನು ಎಂತ ಹೇಳುವುದು?"

"ಖಾರ ಆಗುವುದಿಲ್ಲ ಅಂತಾದ್ರೂ ಹೇಳ್ಬಾರ್ದಿತ್ತಾ? ಅದೇ ಮೊದಲ ಗುರುತು ಆನಿ! ನಮ್ಮ ಕಾರ್ಡುಗಳಲ್ಲಿ ಎಷ್ಟೋ ಜನ ಅದನ್ನೇ ಹೇಳಿದ್ದಾರೆ."

ಆನಿಬಾಯಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿ ಕೆಳಗಿಟ್ಟರು. "ಆ ಕಾರ್ಡುಗಳು ಎಲ್ಲಿ ಉಂಟು?"

"ಕಪಾಟಿನಲ್ಲಿ."

"ಹಾಗಾದ್ರೆ ಕಪಾಟಿಗೆ ಗೊತ್ತಿತ್ತು. ನಂಗೆ ಯಾರು ಹೇಳಿದ್ರು?"

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಗೊತ್ತಿಲ್ಲದೆ ಕೇಳಿದ ಪ್ರಶ್ನೆ, ಅಷ್ಟೆ. ಬಾಬ್ ಗೋಡೆಗೆ ಒರಗಿ ಅತ್ತರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಗಂಡ ಅತ್ತದ್ದನ್ನು ಆನಿಬಾಯಿ ನೋಡಿದ್ದು ಅದೇ ಮೊದಲು.

ಮರುದಿನ ಡಾಕ್ಟರು ಪರೀಕ್ಷೆ ಮಾಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ಮೇಲೆ ಬಾಬ್ ಅವರನ್ನು ಒಬ್ಬರೇ ಒಳಗೆ ಕರೆದು, "ಕಡ್ಲೆಕಾಳಿನಷ್ಟು ಇದ್ದಾಗ ಬಂದಿದ್ರೆ ಕತ್ತರಿಸಿ ತೆಗೀಬಹುದಿತ್ತು ಬಾಬ್. ಈಗ ಕುತ್ತಿಗೆಗೆ ಇಳಿದಿದೆ. ನಮ್ಮಿಂದ ಆಗುವುದನ್ನು ಮಾಡ್ತೇವೆ" ಎಂದರು. ಹೀಗೆ ಹೇಳುವುದನ್ನು ಬಾಬ್ ಎಷ್ಟೋ ಸಲ ಬಾಗಿಲ ಹೊರಗಿನಿಂದ ಕೇಳಿದ್ದರು. ಮುಂದಿನದು ಏನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆನಿಬಾಯಿ ಮಟಿಲ್ಡಾ ಅವರ ವಾರ್ಡಿಗೇ ಸೇರಿದರು. ಅಂದು ಮಧ್ಯಾಹ್ನ ಬಾಬ್ ಸೊಂಟದ ಬೀಗದ ಕೈ ಬಿಚ್ಚಿ ಮಟಿಲ್ಡಾ ಅವರ ಕೈಗೆ ಕೊಟ್ಟರು. ಇಬ್ಬರೂ ಕೂತು ಐದು ವರ್ಷದ ಕಟ್ಟುಗಳನ್ನು ಬಿಚ್ಚಿದರು. ಧೂಳಿಗೆ ಮಟಿಲ್ಡಾ ಅವರಿಗೆ ಸೀನು ಬಂತು. 1963ರದ್ದೂ ಸೇರಿ ಇನ್ನೂರ ಹನ್ನೊಂದು ಕಾರ್ಡುಗಳು. ಐದಾರು ದಿನ ಬಿಡದೆ ಪಟ್ಟಿ ಮಾಡಿದರು. ಖಾಲಿ ಇದ್ದ ಜಾಗಗಳನ್ನು ಖಾಲಿಯೇ ಬಿಟ್ಟು, ಪಕ್ಕದಲ್ಲಿ 'ಇನ್ನೂ ತಿಳಿದಿಲ್ಲ' ಎಂದು ಬರೆದರು. ಬಾಯಿಯ ರೋಗಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಹೊಗೆಸೊಪ್ಪು ಹಾಕುವವರು. ಖಾರದ ಸಾಲು ಎಷ್ಟು ಸಲ ಬಂತೆಂದು ಮಟಿಲ್ಡಾ ಎಣಿಸಲು ಶುರು ಮಾಡಿದ್ದರು. ನೂರು ದಾಟಿದ ಮೇಲೆ ಬಾಬ್ ಅವರ ಮುಖ ನೋಡಿ, ಎಣಿಸಿದ್ದನ್ನು ಬಾಯಿ ಬಿಟ್ಟು ಹೇಳದೆ ಸುಮ್ಮನೆ ಬರೆದುಕೊಂಡರು.

ಕೊನೆಗೆ ಇನ್ನೊಂದು ಹೊಸ ಕಾರ್ಡು ಬರೆಯುವುದಿತ್ತು.

"ಕೊಡಿ ಬಾಬ್, ಅದನ್ನು ನಾನು ಬರೀತೇನೆ."

"ಬೇಡ. ನನ್ನ ಕೆಲಸ ಅದು."

ಬಾಬ್ ಬರೆದರು. ಪಟ್ಟಿಗೂ ಏರಿಸಿದರು. ನಂಬ್ರ ಇನ್ನೂರ ಹನ್ನೆರಡು. ಹೆಂಗಸು. ವಯಸ್ಸು ನಲವತ್ತನಾಲ್ಕು. ಅಭ್ಯಾಸ: ಎಲೆ ಅಡಿಕೆ, ಹೊಗೆಸೊಪ್ಪು. ಮೊದಲು ಕಂಡ ಲಕ್ಷಣ: ಖಾರ ತಿನ್ನಲಾಗುವುದಿಲ್ಲ. 'ಕೊನೆ' ಎಂಬ ಜಾಗಕ್ಕೆ ಬಂದಾಗ ಪೆನ್ನು ಎತ್ತಿದರು. ಐದು ವರ್ಷ ಅವರು ಆ ಜಾಗ ತುಂಬಲಿ, ತುಂಬಲಿ ಎಂದು ಕಾದವರು. ಇದೊಂದು ಜಾಗ ಮಾತ್ರ ಎಂದೆಂದಿಗೂ ಖಾಲಿಯೇ ಇರಲಿ ಎಂದು ಅಂದು ದೇವರನ್ನು ಬೇಡಿಕೊಂಡರು. ಅದು ಖಾಲಿ ಇದ್ದಷ್ಟು ದಿನ ಆನಿ ಇರುತ್ತಾಳೆ.

ಪಟ್ಟಿಯ ಮೇಲೆ ಒಂದು ಕಾಗದ ಇಟ್ಟರು: 'ಇಂದಿನವರೆಗೆ ನಮಗೆ ತಿಳಿದದ್ದು ಇಷ್ಟು. ಉಳಿದದ್ದು ತಿಳಿದ ಹಾಗೆ ಕಳಿಸುತ್ತೇನೆ. ದಯವಿಟ್ಟು ಇದಕ್ಕಾಗಿ ಪುಸ್ತಕವನ್ನು ನಿಲ್ಲಿಸಬೇಡಿ.' ತಾವೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿದರು. ವಾಪಸ್ ಬರುವಾಗ ಹದಿನಾಲ್ಕು ಪೋಸ್ಟ್ ಕಾರ್ಡು ಕೊಂಡು ತಂದರು. ದಿಲ್ಲಿಯ ಕಾಗದದಲ್ಲಿ ಬಾಕಿ ಇದ್ದ ಹದಿನಾಲ್ಕು ಊರುಗಳ ಹೆಸರಿತ್ತಲ್ಲ, ಅಲ್ಲಿಯ ಆಸ್ಪತ್ರೆಗಳ ಗುಮಾಸ್ತರಿಗೆ ಒಂದೊಂದು ಬರೆದರು: 'ನಿಮ್ಮ ಕಪಾಟಿನಲ್ಲಿ ಇರುವಷ್ಟನ್ನು ಇವತ್ತೇ ಕಳಿಸಿ. ನನ್ನ ಹಾಗೆ ಕಾಯಬೇಡಿ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಇದ್ದಾಳೆ.'

ಈ ಸಲ ಪಟ್ಟಿ ವಾಪಸ್ ಬರಲಿಲ್ಲ. 'ತಲುಪಿದೆ, ಸೇರಿಸಿಕೊಂಡಿದ್ದೇವೆ' ಎಂದು ಎರಡು ಸಾಲಿನ ಉತ್ತರ ಬಂತು. ಅಷ್ಟು ಸಣ್ಣ ಮಾತಿಗಾಗಿ ಐದು ವರ್ಷ ಹೆದರಿ ಕೂತಿದ್ದೆನಲ್ಲ ಎಂದು ಬಾಬ್ ಅದನ್ನು ಆನಿಬಾಯಿಗೆ ಓದಿ ಹೇಳಿದರು. ಆನಿಬಾಯಿಗೆ ಆಗ ಮಾತು ಬರುತ್ತಿರಲಿಲ್ಲ. ಗಂಡನ ಕೈ ಹಿಡಿದು ಒಮ್ಮೆ ಅಮುಕಿದರು.

1964ರಲ್ಲಿ ಕ್ರೈಸ್ತರ ಉಪವಾಸದ ತಪಸ್ಸುಕಾಲದಲ್ಲಿ, ಈಸ್ಟರಿಗೆ ಹತ್ತು ದಿನ ಇರುವಾಗ, ಆನಿಬಾಯಿ ತೀರಿಹೋದರು. ಹೂಳಿ ಬಂದ ಮೂರನೆಯ ದಿನ ಬಾಬ್ ಆಫೀಸಿಗೆ ಹೋಗಿ, ಇನ್ನೂರ ಹನ್ನೆರಡನೆಯ ನಂಬ್ರದ ಕೊನೆಯನ್ನು ಬರೆದು ದಿಲ್ಲಿಗೆ ಕಳಿಸಿದರು.

ಆ ಅಕ್ಟೋಬರದಲ್ಲಿ ವ್ಯಾನ್ ಬಂತು. ಆನಿಬಾಯಿಗೆ ಬೇಕಾಗಿದ್ದ ಹೊತ್ತಿಗೆ ಬರದ ವ್ಯಾನ್. ಮೈದಾನದ ಬದಿಯಲ್ಲಿ ನಿಂತಿತು. ಬಂದ ಮೊದಲ ದಿನ ಊರಿನವರು ದೂರದಿಂದ ನೋಡಿದರೇ ಹೊರತು ಒಬ್ಬರೂ ಹತ್ತಲಿಲ್ಲ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಮೊಯ್ದೀನಬ್ಬ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ಅವರು ಗಂಡಿನವರ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಸುಹರಾಳ ಆ ಸಂಬಂಧ ಮುರಿದು ಹೋಗಿತ್ತು. ಪರೀಕ್ಷೆ ಮಾಡಿದಾಗ ಸುಹರಾಳ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಂಡಿತು. ತಾಯಿಯಿಂದ ಕಲಿತ ಹೊಗೆಸೊಪ್ಪು ಅವಳಿಗೂ ಇತ್ತು. ಇದು ಇನ್ನೂ ಕ್ಯಾನ್ಸರ್ ಅಲ್ಲ, ಈಗಲೇ ಬಿಟ್ಟು ಆಗಾಗ ಬಂದು ತೋರಿಸಿ ಎಂದರು ಡಾಕ್ಟರು.

ಸಾಲನ್ನು ನೋಡಿಕೊಳ್ಳುತ್ತಿದ್ದ ಬಾಬ್ ಅವರ ಹತ್ತಿರ ಬಂದು ಮೊಯ್ದೀನಬ್ಬ ಹೇಳಿದರು, "ಸಂಬಂಧ ಹೋದ್ರೆ ಹೋಗ್ಲಿ ಪೊರ್ಬುಗಳೇ. ಮಗಳು ಉಂಟಲ್ಲ."

ಬಾಬ್ ತಲೆಯಾಡಿಸಿ, ಸುಹರಾಳ ಕಾರ್ಡು ಬರೆಯಲು ಕೂತರು; ಮಚ್ಚೆ ಕಂಡವರಿಗೂ ಈಗ ಕಾರ್ಡು ಇತ್ತು. ಕೊನೆಯ ಜಾಗವನ್ನು ಖಾಲಿ ಬಿಟ್ಟರು. ವರ್ಷ ಮುಗಿಯುವುದಕ್ಕೆ ಕಾಯದೆ ಶನಿವಾರದ ಟಪಾಲಿಗೆ ಆ ವಾರದ ಪಟ್ಟಿ ಹೊರಟಿತು.

ಇದನ್ನು ಓದುತ್ತಿರುವ, ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಂದು ಮಾತು. ಇವತ್ತು ಮನೆಗೆ ಹೋದ ಮೇಲೆ ಬೆಳಕಿಗೆ ನಿಂತು ಒಬ್ಬರ ಬಾಯಿ ಒಬ್ಬರು ನೋಡಿ. ಎರಡು ವಾರವಾದರೂ ವಾಸಿಯಾಗದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಖಾರ ತಾಗಿದಾಗ ಉರಿ, ಇದರಲ್ಲಿ ಯಾವುದಿದ್ದರೂ ನೋವಿಲ್ಲ ಎಂದು ಸುಮ್ಮನಿರಬೇಡಿ, ಡಾಕ್ಟರರಿಗೆ ತೋರಿಸಿ. ಎಲೆ ಅಡಿಕೆ, ಹೊಗೆಸೊಪ್ಪು ಬಿಡಿ. ಮನೆಯಲ್ಲಿ ಕ್ಯಾನ್ಸರ್ ಬಂದಿದ್ದರೆ ಅದರ ಹೆಸರನ್ನು ಮುಚ್ಚಿಡಬೇಡಿ; ಅದು ಅಂಟುವುದಿಲ್ಲ. ಆಸ್ಪತ್ರೆಯವರು ಕೇಳಿದರೆ ಇದ್ದದ್ದನ್ನು ಹೇಳಿ. ಅಂಕಿಅಂಶದ ಪುಸ್ತಕದಲ್ಲಿ ನಿಮ್ಮ ಹೆಸರು ಬರುವುದಿಲ್ಲ, ಆದರೆ ನಿಮ್ಮ ನೋವು ಇನ್ನೊಬ್ಬರಿಗೆ ಗುರುತಾಗಿ ಏರುತ್ತದೆ.

ಪಟ್ಟಿ ಬರೆಯುವ ಕೈಗಳೇ, ನಿಮಗೂ ಒಂದು ಮಾತು. ಗೊತ್ತಿರುವಷ್ಟನ್ನು ಹೊತ್ತಿಗೆ ಸರಿಯಾಗಿ ಕಳಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಅದು ಸುಳ್ಳಲ್ಲ. ಊರಿನ ಸಭೆಗೆ ಆರೋಗ್ಯ ಇಲಾಖೆಯವರು ಬಂದಾಗ ನಾವೆಲ್ಲ ಎದ್ದು ನಿಂತು ಒಂದೇ ಪ್ರಶ್ನೆ ಕೇಳೋಣ: "ನಿಮ್ಮ ಕೈಯಲ್ಲಿರುವುದು ಯಾವ ವರ್ಷದ ಅಂಕಿ?" ಉತ್ತರ ಐದು ವರ್ಷ ಹಿಂದಿನದಾದರೆ ಕೂತುಕೊಳ್ಳುವುದು ಬೇಡ. ಯಾವುದೋ ಕಪಾಟಿಗೆ ಆಗಲೇ ಗೊತ್ತಿರುವ ಒಂದು ಮಾತು ಯಾವುದೋ ಮನೆಯ ಆನಿಬಾಯಿಗೆ ಇನ್ನೂ ತಲುಪಿಲ್ಲ, ಮತ್ತು ಆ ಮನೆಯ ಸಾರಿನಲ್ಲಿ ಮೆಣಸು ಕಡಿಮೆಯಾಗಿದೆ.